ಎರಡನೇ ಬ್ರೇಕು

ನಾನು ಡ್ರೈವಿಂಗ್ ಕಲಿಸುವವಳು. ನನ್ನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿಯಲ್ಲಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ನನ್ನ ಕಾಲಡಿಯಲ್ಲಿ. ಕಲಿಯುವವರು ಸ್ಟೀರಿಂಗನ್ನು ಹೇಗೇ ತಿರುಗಿಸಲಿ, ಎಷ್ಟೇ ಕಿರುಚಿಕೊಳ್ಳಲಿ, ಕೊನೆಗೆ ಕಾರು ನಿಲ್ಲುವುದು ನನ್ನ ಕಾಲಿನಿಂದ. ಈ ಕೆಲಸ ಮಾಡಿ ಮಾಡಿ ಆ ಕಾಲಿಗೆ ಬೇರೆಯದೇ ಬುದ್ಧಿ ಬಂದುಬಿಟ್ಟಿದೆ. ಬಸ್ಸಿನಲ್ಲಿ ಕೂತಿದ್ದಾಗಲೂ ಮುಂದೆ ಏನಾದರೂ ಅಡ್ಡ ಬಂದರೆ ಅದು ನೆಲವನ್ನು ಒತ್ತುತ್ತದೆ. ಟೀವಿಯಲ್ಲಿ ಯಾರಾದರೂ ಜೋರಾಗಿ ಗಾಡಿ ಓಡಿಸಿದರೆ ಸೋಫಾದ ಮುಂದಿನ ಚಾಪೆಯನ್ನು ಒತ್ತುತ್ತದೆ. ಬೆನ್ನ ಹಿಂದೆ ನನ್ನನ್ನು ಎಲ್ಲರೂ ಬ್ರೇಕಮ್ಮ ಅನ್ನುತ್ತಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ.

ಬಾಯಿಯ ವಿಷಯವನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನದು ಜೋರುಬಾಯಿ. "ಕಾಲು ತೆಗೀರಿ! ಕ್ಲಚ್ ಮೇಲಿಂದ ಕಾಲು ತೆಗೀರಿ ಅಂತ ಎಷ್ಟು ಸಲ ಬಡ್ಕೊಳ್ಳೋದು? ಅದೇನು ಕಾಲಿಟ್ಕೊಂಡು ಕೂರೋ ಮಣೆನಾ?" ಎಂದು ನಾನು ಕೂಗಿದರೆ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಗಾಡಿಯವರೂ ಕಾಲು ತೆಗೆಯುತ್ತಾರೆ. ಆದರೆ ಸಂಜೆ ಮನೆಯ ಬಾಗಿಲು ತೆಗೆದು ಒಳಗೆ ಹೋದ ಮೇಲೆ ಆ ಬಾಯಿಗೆ ಕೆಲಸವಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಇರುವ ಒಬ್ಬ ಮಗ ಬೇರೆ ಕೋಣೆ ಮಾಡಿಕೊಂಡಿದ್ದಾನೆ. ಫ್ರಿಜ್ಜು ಗುರ್ ಎನ್ನುತ್ತದೆ, ನಾನು "ಏನು ನಿಂದು?" ಎನ್ನುತ್ತೇನೆ. ಅಲ್ಲಿಗೆ ಆ ದಿನದ ಮಾತುಕತೆ ಮುಗಿಯಿತು.

ಮಗನದು ಲಿಫ್ಟ್ ಕೂರಿಸುವ ಕೆಲಸವಾಗಿತ್ತು. ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಓಡಾಡುವ ಆ ಉದ್ದ ಗುಂಡಿಯೊಳಗೆ ಇಳಿದು ಕಂಬಿ ಜೋಡಿಸುವುದು. ಒಮ್ಮೆ ಏಣಿ ಜಾರಿ ಬಿದ್ದ. ಬೆನ್ನುಮೂಳೆ ಮುರಿಯಲಿಲ್ಲವಲ್ಲ, ಅದೇ ಪುಣ್ಯ ಎಂದುಕೊಂಡೆವು. ಆಸ್ಪತ್ರೆಯವರು ನೋವಿಗೆ ಬಲವಾದ ಮಾತ್ರೆ ಕೊಟ್ಟರು. ಬೆನ್ನು ವಾಸಿಯಾಯಿತು, ಮಾತ್ರೆ ಅವನನ್ನು ಬಿಡಲಿಲ್ಲ. ಡಾಕ್ಟರ ಚೀಟಿ ಮುಗಿದ ಮೇಲೆ ಯಾರ್ಯಾರ ಹತ್ತಿರವೋ ಕೊಂಡ. ಮಾತ್ರೆ ಸಿಗದೆ ಹೋದಾಗ ಪುಡಿ ಬಂತು. ಮನೆಯಲ್ಲಿ ಒಂದೊಂದೇ ಸಾಮಾನು ಮಾಯವಾಗತೊಡಗಿತು. ನಾನೇನು ಕಂಡೂ ಕಾಣದ ಹಾಗೆ ಇರುವವಳೇ? ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡಿದೆ. ಬೈಗುಳದಿಂದ ಬಿಟ್ಟುಹೋಗುವ ಕಾಯಿಲೆಯಾಗಿದ್ದರೆ ಅವನು ವಾರದೊಳಗೆ ಗುಣವಾಗಬೇಕಿತ್ತು. ಕೊನೆಗೊಂದು ಮಧ್ಯಾಹ್ನ ಬಚ್ಚಲಿನ ಬಾಗಿಲು ಒಡೆಸಿ ನೋಡಿದರೆ ನೆಲದ ಮೇಲೆ ಬಿದ್ದಿದ್ದ. ತುಟಿ ನೀಲಿ. ಆಂಬುಲೆನ್ಸಿನವರು ಮೂಗಿಗೆ ಏನೋ ಸಿಂಪಡಿಸಿದ ಮೇಲೆ ಉಸಿರು ಬಂತು. ಆ ಸ್ಪ್ರೇ ಈಗ ನನ್ನ ಕೈಚೀಲದಲ್ಲೂ ಇದೆ, ಕಾರಿನಲ್ಲೂ ಇದೆ.

ಆಮೇಲೆ ಶುರುವಾದದ್ದು ನಾಲಿಗೆಯಡಿಯ ಮಾತ್ರೆ. ಚಟ ಬಿಡಿಸುವ ಕ್ಲಿನಿಕ್ಕಿನ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಇದು ಅಮಲೇರಿಸಲು ಕೊಡುವುದಲ್ಲ, ಮೈಯ ಹಪಾಹಪಿಯನ್ನು ತಣ್ಣಗಿಡುವುದಕ್ಕೆ. ಸಕ್ಕರೆ ಕಾಯಿಲೆಯವರಂತೆ ಬಹಳ ಕಾಲ ತಗೊಳ್ಳಬೇಕಾಗಬಹುದು. ತಾನಾಗಿ ನಿಲ್ಲಿಸಿಬಿಟ್ಟರೇ ಅಪಾಯ. ಆಮೇಲೆ ಹಳೆಯದಕ್ಕೆ ಮತ್ತೆ ಕೈ ಹಾಕಿದರೆ ಮೈ ತಡೆಯುವುದಿಲ್ಲ. ಮಾತ್ರೆಯನ್ನು ನುಂಗಬಾರದು, ಅಗಿಯಬಾರದು, ಪೂರ್ತಿ ಕರಗುವವರೆಗೆ ಮಾತಾಡಬಾರದು. ಮನೆಯವರು ಒಬ್ಬರು ದಿನಾ ಎದುರಿಗೆ ಕೂತು ನೋಡಬೇಕು. "ಯಾರು ಕೂರ್ತೀರಾ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಕೂರುವವಳೂ ನಾನೇ, ಏಳುವವಳೂ ನಾನೇ.

ವಿಷಯ ತಿಳಿದು ಭಾವ ಫೋನ್ ಮಾಡಿದರು. ಗಂಡನ ಅಣ್ಣ, ದೊಡ್ಡವರು. "ಒಂದನ್ನ ಬಿಡಿಸೋಕೆ ಇನ್ನೊಂದಾ? ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಸಾಕಲ್ವೇನಮ್ಮ" ಎಂದರು. "ನೀವು ಬಿಪಿ ಮಾತ್ರೆ ಬಿಟ್ಟು ಮನಸ್ಸು ಗಟ್ಟಿ ಮಾಡ್ಕೊಂಡು ತೋರಿಸಿ ಭಾವ, ಆಮೇಲೆ ಅವನಿಗೆ ಹೇಳ್ತೀನಿ" ಎಂದೆ. ಆಮೇಲೆ ಅವರ ಫೋನ್ ಬರಲಿಲ್ಲ. ಉಳಿದ ನೆಂಟರು ಅಷ್ಟು ದೂರವೂ ಬಂದಿರಲಿಲ್ಲ, ಮೊದಲೇ ಜಾರಿಕೊಂಡಿದ್ದರು.

ಮಗ ನನ್ನ ಜೊತೆ ಇರಲು ಒಪ್ಪಲಿಲ್ಲ. "ನಾನು ಬಚ್ಚಲಿಗೆ ಹೋದಾಗಲೆಲ್ಲ ನೀನು ಬಾಗಿಲ ಮುಂದೆ ಬಂದು ನಿಲ್ತೀಯಮ್ಮ" ಎಂದ. ನಿಲ್ಲುತ್ತಿದ್ದೆ, ಸುಳ್ಳೇಕೆ ಹೇಳಲಿ. ಲಾಂಡ್ರಿ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದ. ಗೋದಾಮೊಂದರಲ್ಲಿ ರಾತ್ರಿ ಪಾಳಿಗೆ ಸೇರಿಕೊಂಡ. ಹಾಗಾಗಿ ಮೊದಲ ಕ್ಲಾಸಿಗೆ ಮುಂಚೆ ನಾನು ಕಾರು ತಗೊಂಡು ಆ ಲಾಂಡ್ರಿಯ ಮುಂದೆ ನಿಲ್ಲಿಸುವುದು, ಅವನು ಇಳಿದು ಬರುವುದು, ಅಭ್ಯಾಸವಾಯಿತು. ಕಾರು ನಿಂತ ಮೇಲೆ ನಾನು ಪಕ್ಕದ ಸೀಟಿಗೆ ಸರಿಯುತ್ತಿದ್ದೆ, ಅದು ನನ್ನದು. ಅದನ್ನು ನಾನು ಯಾರಿಗೂ ಬಿಡುವವಳಲ್ಲ. ಆದ್ದರಿಂದ ಅವನು ಸ್ಟೀರಿಂಗಿನ ಮುಂದೆ ಕೂರುತ್ತಿದ್ದ. ನಾನು ಮಾತ್ರೆ ಬಿಡಿಸಿ ಕೊಡುತ್ತಿದ್ದೆ, ಅವನು ನಾಲಿಗೆಯಡಿ ಇಟ್ಟು ಬಾಯಿ ಮುಚ್ಚುತ್ತಿದ್ದ. ಲಾಂಡ್ರಿಯ ಬಿಸಿ ಸೋಪಿನ ವಾಸನೆ ಕಿಟಕಿಯಿಂದ ಬರುತ್ತಿತ್ತು. ನಾನು ಮಾತು ಶುರುಮಾಡುತ್ತಿದ್ದೆ.

ಅಬ್ಬಾ, ಏನು ಮಾತಾಡಿದ್ದೇನೆ ಆ ಬೆಳಗುಗಳಲ್ಲಿ! ಹಿಂದಿನ ದಿನ ಯಾರು ಗೋಡೆಗೆ ಗುದ್ದಲು ಹೋದರು, ಯಾರು ರಿವರ್ಸ್ ಹಾಕಿ ಮುಂದಕ್ಕೆ ನೋಡಿದರು, ಪಕ್ಕದ ಮನೆಯವರ ಬೆಕ್ಕು ನನ್ನ ಬೈಗುಳವನ್ನು ಹೇಗೆ ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ, ಎಲ್ಲ. ಮಗ ಚಿಕ್ಕಂದಿನಿಂದಲೂ ನನಗೆ ಮಾತಿಗೆ ಮಾತು ಕೊಡುವವನು. ಈಗ ಎದುರುತ್ತರ ಕೊಡುವ ಹಾಗಿರಲಿಲ್ಲ. ಸ್ವಲ್ಪ ದಿನವಾದ ಮೇಲೆ ಅವನು ಕಾರಿನಿಂದಲೇ ಉತ್ತರ ಕೊಡಲು ಕಲಿತ. ರಸ್ತೆಯ ಕಡೆಯ ಇಂಡಿಕೇಟರ್ ಹಾಕಿದರೆ ಹೂಂ. ಫುಟ್‌ಪಾತಿನ ಕಡೆಯದು ಹಾಕಿದರೆ ಊಹೂಂ. ನಾನು ಯಾರನ್ನಾದರೂ ವಿಪರೀತ ಬೈಯತೊಡಗಿದರೆ ವೈಪರನ್ನು ಒಂದು ಸಲ ಆಡಿಸುತ್ತಿದ್ದ. ಒಣ ಗಾಜಿನ ಮೇಲೆ ಅದು ಕಿರ್ ಎನ್ನುತ್ತಿತ್ತು. ಬಿಟ್ಟಾಕು ಅಂತ ಅದರ ಅರ್ಥ. "ರಬ್ಬರು ಹಾಳಾಗತ್ತೆ ಕಣೋ, ಯಾರಪ್ಪ ಕೊಡಿಸ್ತಾನೆ?" ಎಂದು ನಾನು ರೇಗುತ್ತಿದ್ದೆ. ಬಾಯಿ ಮುಚ್ಚಿಕೊಂಡೇ ನಗುತ್ತಿದ್ದ, ಭುಜ ಕುಣಿಯುತ್ತಿತ್ತು. ಆ ನಗುವನ್ನು ನೋಡಿ ಎಷ್ಟು ಕಾಲವಾಗಿತ್ತು! ಮಾತ್ರೆ ಕರಗಿದ ಮೇಲೆ ನಾಲಿಗೆ ಎತ್ತಿ ತೋರಿಸಿ, ನೀರು ಕುಡಿದು, ಮಲಗಲು ಹೋಗುತ್ತಿದ್ದ. ನಾನು ಮೊದಲ ಕ್ಲಾಸಿಗೆ ಹೊರಡುತ್ತಿದ್ದೆ. ಕಾಲವೂ ಸರಿಯುತ್ತಿತ್ತು. ಅವನ ಮೈ ತುಂಬಿಕೊಂಡಿತು, ಅಂಗಿಯ ಕಾಲರು ಕತ್ತಿಗೆ ಸರಿಯಾಗಿ ಕೂರತೊಡಗಿತು.

ಹೀಗಿರುವಾಗ ಕ್ಲಿನಿಕ್ಕಿಗೆ ಹೋದ ದಿನ ಡಾಕ್ಟರಮ್ಮ ಹೊಸ ಮಾತು ತೆಗೆದರು. "ಮಾತ್ರೆ ಬದಲು ಇನ್ಮೇಲೆ ತಿಂಗಳಿಗೊಂದು ಇಂಜೆಕ್ಷನ್ ಕೊಡಬಹುದು. ಔಷಧಿ ಅದೇ. ಹೊಟ್ಟೆ ಚರ್ಮದ ಕೆಳಗೆ ಕೊಟ್ರೆ ನಿಧಾನವಾಗಿ ಇಳೀತಾ ಇರತ್ತೆ. ದಿನಾ ಯಾರೂ ಕಾದು ಕೂರಬೇಕಾಗಿಲ್ಲ."

ಮಗ ಕುರ್ಚಿಯ ತುದಿಗೆ ಸರಿದ. "ನಮ್ಮ ಹಳೇ ಮೇಸ್ತ್ರಿ ಕರೀತಿದಾರೆ ಡಾಕ್ಟ್ರೇ. ಏಣಿ ಹತ್ತೋದಲ್ಲ, ವೈರಿಂಗ್ ಕೆಲಸ, ಮತ್ತೆ ಅವರ ವ್ಯಾನ್ ಓಡಿಸೋದು. ಊರೂರು ತಿರುಗಬೇಕು. ದಿನಾ ಮಾತ್ರೆ ಅಂದ್ರೆ ಆಗಲ್ಲ. ತಿಂಗಳಿಗೊಂದ್ಸಲ ಅಂದ್ರೆ ಬಂದು ಹೋಗ್ತೀನಿ."

ನನಗೆ ಇದು ಹೊಸ ಸುದ್ದಿ. ನನ್ನ ಹತ್ತಿರ ಏಕೆ ಹೇಳಲಿಲ್ಲ ಎಂದು ಮೈ ಉರಿಯಿತು. ಯಾವಾಗ ಹೇಳಬೇಕಿತ್ತು ಪಾಪ? ಮಾತ್ರೆ ಕರಗುವಾಗ ಅವನು ಮಾತಾಡುವಂತಿರಲಿಲ್ಲ, ಕರಗಿದ ಮೇಲೆ ನಾನು ಬಿಡುವು ಕೊಡುತ್ತಿರಲಿಲ್ಲ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ದಿನಾ ನೋಡೋರು ನೀವು. ಹೇಗಿದಾನೆ, ಹೇಳಿ."

ಚೆನ್ನಾಗಿದಾನೆ ಎನ್ನಬೇಕಿತ್ತು. ಅಷ್ಟೇ ಮಾತು. ಆದರೆ ನನ್ನ ಕಣ್ಣಿಗೆ ಲಾಂಡ್ರಿಯ ಮುಂದಿನ ರಸ್ತೆ, ಖಾಲಿ ಸ್ಟೀರಿಂಗು ಬಂದು ನಿಂತುಬಿಟ್ಟಿತು. "ಈಚೆಗೆ ತೂಕಡಿಸ್ತಾನೆ ಡಾಕ್ಟ್ರೇ" ಎಂದೆ. "ಮೊನ್ನೆ ಸ್ಟೀರಿಂಗ್ ಮೇಲೇ ತಲೆ ಇಟ್ಬಿಟ್ಟ."

ತೂಕಡಿಸಿದ್ದು ನಿಜ. ರಾತ್ರಿಯಿಡೀ ಗೋದಾಮಿನಲ್ಲಿ ಮೂಟೆ ಇಳಿಸಿ ಬಂದಿದ್ದ ಎನ್ನುವುದನ್ನು ಮಾತ್ರ ನಾನು ಬಾಯಿ ಬಿಡಲಿಲ್ಲ. ಡಾಕ್ಟರಮ್ಮನ ಮುಖ ಗಂಭೀರವಾಯಿತು, ಔಷಧಿ ಜಾಸ್ತಿಯಾಯಿತೋ, ಮತ್ತೆ ಹಳೆಯದಕ್ಕೆ ಕೈ ಹಾಕಿದನೋ ಎನ್ನುವ ಅನುಮಾನ ಅವರಿಗೆ. "ಹಾಗಾದ್ರೆ ಅವಸರ ಬೇಡ, ಇನ್ನೊಂದು ತಿಂಗಳು ಮಾತ್ರೆನೇ ಇರಲಿ" ಎಂದರು. ಮಗ ನನ್ನನ್ನೇ ನೋಡಿದ. ಅವನ ಬಾಯಲ್ಲಿ ಆಗ ಮಾತ್ರೆ ಇರಲಿಲ್ಲ. ಆದರೂ ಮಾತಾಡಲಿಲ್ಲ.

ಮೆಟ್ಟಿಲು ಇಳಿಯುವಾಗ ಕೇಳಿದ. "ನೈಟ್ ಶಿಫ್ಟ್ ಮಾಡ್ತೀನಿ ಅಂತ ನಿನಗೆ ಗೊತ್ತಿತ್ತಲ್ಲಮ್ಮ?"

"ಗೊತ್ತಿದ್ರೇನು? ಹುಷಾರು ಅನ್ನೋದು ಬೇಡ್ವಾ? ಇಷ್ಟು ದೂರ ಬಂದು ಗುಂಡಿಗೆ ಬೀಳ್ತೀಯಾ?"

"ಮೇಸ್ತ್ರಿ ತಿಂಗಳುಗಟ್ಲೆ ಕಾಯಲ್ಲ. ಬೇರೆಯವರನ್ನ ನೋಡ್ತಾರೆ."

"ನೋಡ್ಲಿ ಬಿಡು" ಎಂದೆ, ಕಡ್ಡಿ ಮುರಿದ ಹಾಗೆ.

ಮರುದಿನದಿಂದ ಅವನು ಇಂಡಿಕೇಟರ್ ಮುಟ್ಟಲಿಲ್ಲ. ಬರುತ್ತಿದ್ದ, ಮಾತ್ರೆ ಇಟ್ಟುಕೊಳ್ಳುತ್ತಿದ್ದ, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎದುರಿನ ಗೋಡೆಯನ್ನು ನೋಡುತ್ತಿದ್ದ. ನಾನು ಬೆಕ್ಕಿನ ಸುದ್ದಿ ಹೇಳಿದೆ, ಗೋಡೆಗೆ ಗುದ್ದಿದವರ ಸುದ್ದಿ ಹೇಳಿದೆ, ಯಾರನ್ನೋ ಬಾಯಿಗೆ ಬಂದಂತೆ ಬೈದೂ ನೋಡಿದೆ. ವೈಪರು ಆಡಲಿಲ್ಲ. ಅದಕ್ಕಿಂತ ನನ್ನ ಫ್ರಿಜ್ಜೇ ವಾಸಿ, ಗುರ್ ಎಂದಾದರೂ ಎನ್ನುತ್ತದೆ. ನನ್ನ ಬೆಳಗನ್ನು ಉಳಿಸಿಕೊಳ್ಳಲು ಹೋಗಿ ಅದನ್ನೂ ಕಳೆದುಕೊಂಡೆನಲ್ಲ ಎಂದು ಸಂಕಟವಾಯಿತು. ಆದರೂ ನಾನು ಜಗ್ಗಲಿಲ್ಲ. ತಾಯಿಯಾದವಳು ಹುಷಾರಾಗಿರಬೇಕು ಎಂದು ನನಗೆ ನಾನೇ ಬೆಣ್ಣೆ ಹಚ್ಚಿಕೊಂಡೆ.

ನನ್ನ ಹತ್ತಿರ ಕಲಿಯುವ ಒಬ್ಬ ಅಜ್ಜಿ ಇದ್ದಾರೆ. ಟೈಪಿಸ್ಟಾಗಿ ನಿವೃತ್ತರಾದವರು. ನಾನು ಇಟ್ಟ ಹೆಸರು ಸೆಕೆಂಡ್ ಗೇರ್ ಅಜ್ಜಿ, ಏಕೆಂದರೆ ಶುರುವಿನಲ್ಲಿ ಮೂರನೇ ಗೇರಿಗೆ ಹೋಗಲು ಅವರು ಮುಹೂರ್ತ ನೋಡುತ್ತಿದ್ದರು. ಈಗ ಚೆನ್ನಾಗಿಯೇ ಓಡಿಸುತ್ತಾರೆ. ಸಂತೆಯಂಥ ಟ್ರಾಫಿಕ್ಕಿನಲ್ಲೂ ನನ್ನ ಕಾಲಿಗೆ ಕೆಲಸ ಕೊಡುವುದಿಲ್ಲ. ಆದರೆ ಲೈಸೆನ್ಸ್ ಟೆಸ್ಟಿಗೆ ಹೋದಾಗಲೆಲ್ಲ ಏರಿನಲ್ಲಿ ಗಾಡಿ ಆಫ್ ಮಾಡಿಕೊಂಡು ಫೇಲಾಗುತ್ತಾರೆ. ಆ ವಾರ ಮತ್ತೆ ಟೆಸ್ಟು. ನಾನು ರಸ್ತೆಯ ಬದಿಯಲ್ಲಿ ನಿಂತಿದ್ದೆ. ಅಜ್ಜಿ ಏರಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ನಿಗೆ ಸರಿಯಾದ ಉಸಿರು ಕೊಟ್ಟರು. ಇನ್ನೇನು ಹೊರಟಿತು ಎನ್ನುವಾಗ ಧಡ್ ಎಂದು ಕುಕ್ಕರಿಸಿತು. ಪರೀಕ್ಷೆ ಮಾಡುವವರು ತಲೆ ಅಲ್ಲಾಡಿಸಿಕೊಂಡು ಇಳಿದು ಹೋದರು.

ನಾನು ಹೋಗಿ ನನ್ನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡೆ. "ಅಜ್ಜಿ, ಬೇಕಂತಲೇ ಕ್ಲಚ್ ಬಿಟ್ರಿ."

"ಅಯ್ಯೋ ಇಲ್ಲ ಮೇಡಂ. ಕಾಲು ನಡುಗಿಬಿಡ್ತು."

"ನಡುಗಲಿಲ್ಲ. ಎಂಜಿನ್ ಸದ್ದು ಕೇಳಿದ್ರೆ ಕಾಲು ಎಲ್ಲಿದೆ ಅಂತ ಹೇಳೋಳು ನಾನು. ನನ್ನ ಹತ್ರನಾ ನಾಟಕ?"

ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಪಾಸಾಗ್ಬಿಟ್ರೆ ನಾಳೆಯಿಂದ ನನ್ನನ್ನ ಯಾರು ಬೈತಾರೆ ಹೇಳಿ? ಅಷ್ಟು ದೊಡ್ಡ ಮನೆ ಇದೆ ಮೇಡಂ. ಒಂದು ರೂಮಲ್ಲೂ ಬೈಯೋರಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಕರಗುತ್ತಿದ್ದರೇನೋ. ನನಗೆ ಪಿತ್ತ ನೆತ್ತಿಗೇರಿತು. "ಚೆನ್ನಾಗಿದೆ ಕಣ್ರೀ! ಜೊತೆಗೆ ಯಾರೋ ಬೇಕು ಅಂತ, ಹೋಗೋ ಗಾಡೀನ ನಿಲ್ಲಿಸಿಕೊಂಡು ಕೂರ್ತಾರಾ ಯಾರಾದ್ರೂ?" ಎಂದೆ.

ನನ್ನ ಮಾತು ಗಾಜಿಗೆ ತಾಗಿ ನನ್ನ ಮುಖಕ್ಕೇ ಬಂದು ಬಡಿಯಿತು. ಮುಂದೆ ಬೈಯಲು ಬಾಯಲ್ಲಿ ಇನ್ನೂ ಬೇಕಾದಷ್ಟಿತ್ತು, ಒಂದೂ ಹೊರಬರಲಿಲ್ಲ. ಅಜ್ಜಿ ಹೆದರಿದರು. "ಯಾಕೆ ಮೇಡಂ? ಹುಷಾರಿಲ್ವಾ? ನೀರು ಕೊಡ್ಲಾ?" ಎಂದು ನನ್ನ ಭುಜ ಹಿಡಿದುಕೊಂಡರು. ಎಷ್ಟೋ ದಿನದಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ.

"ನನ್ನನ್ನ ಕ್ಲಿನಿಕ್ ಹತ್ರ ಬಿಡಿ ಅಜ್ಜಿ" ಎಂದೆ. "ನೀವೇ ಓಡಿಸಿ. ನಾನು ಬ್ರೇಕ್ ಮುಟ್ಟಲ್ಲ." ಅಜ್ಜಿ ಮೂರನೇ ಗೇರಿನಲ್ಲೇ ಕರೆದುಕೊಂಡು ಹೋದರು.

ಡಾಕ್ಟರಮ್ಮನ ಮುಂದೆ ಕೂತು ಸುತ್ತಿ ಬಳಸದೆ ಹೇಳಿಬಿಟ್ಟೆ. "ಅವನು ರಾತ್ರಿ ಪಾಳಿ ಮುಗಿಸಿ ಬಂದು ತೂಕಡಿಸಿದ್ದು ಡಾಕ್ಟ್ರೇ. ಮಾತ್ರೆಯಿಂದಲ್ಲ, ಬೇರೆ ಯಾವುದರಿಂದಲೂ ಅಲ್ಲ. ನನಗೆ ಅವತ್ತೇ ಗೊತ್ತಿತ್ತು."

"ಮತ್ತೆ ಯಾಕಮ್ಮ ಹೇಳಲಿಲ್ಲ?"

"ಇಂಜೆಕ್ಷನ್ ಕೊಟ್ಬಿಟ್ರೆ ಬೆಳಿಗ್ಗೆ ನಾನು ಯಾರ ಹತ್ರ ಮಾತಾಡಲಿ?" ಎನ್ನುವಷ್ಟರಲ್ಲಿ ಅಳು ಬಂತು. ನನಗೆ ಜನರ ಮುಂದೆ ಅಳುವುದೆಂದರೆ ಆಗದು. ಆದರೂ ಅತ್ತೆ, ಮೂಗು ಸೊರ ಸೊರ ಎನ್ನುವ ಹಾಗೆ. ಅವರು ನನ್ನನ್ನು ಬೈಯಲಿಲ್ಲ. ಟಿಶ್ಯೂ ಡಬ್ಬಿಯನ್ನು ಹತ್ತಿರ ಸರಿಸಿದರು. "ಅವನನ್ನ ಈ ವಾರವೇ ಕರ್ಕೊಂಡು ಬನ್ನಿ, ಮಾತಾಡಿ ನೋಡಿ ಕೊಡೋಣ" ಎಂದರು. ನಾನು ಏಳುವಾಗ, "ಈ ಮಾತು ಅವನಿಗೂ ಹೇಳಿ. ನನಗೆ ಹೇಳಿದ ಹಾಗೇ" ಎಂದರು.

ಮಾರನೇ ಬೆಳಿಗ್ಗೆ ಅವನು ಮಾತ್ರೆ ಇಟ್ಟುಕೊಂಡು ಬಾಯಿ ಮುಚ್ಚಿದ ಮೇಲೆ ಹೇಳಿದೆ. ಎದುರುತ್ತರ ಬರಬಾರದೆಂದೇ ಆ ಹೊತ್ತನ್ನು ಆರಿಸಿಕೊಂಡೆ, ಹೇಡಿ ನಾನು. "ಡಾಕ್ಟ್ರಿಗೆ ನಿಜ ಹೇಳಿ ಬಂದೆ ಕಣೋ. ನಿನಗೆ ಏನಾದ್ರೂ ಆಗತ್ತೆ ಅಂತ ಹೆದರಿ ನಾನು ಹಾಗಂದಿದ್ದಲ್ಲ. ನೀನು ಗುಣವಾಗಿ ಹೊರಟು ಹೋಗ್ತೀಯಲ್ಲ, ಅದಕ್ಕೆ ಹೆದರಿದೆ. ಮನೆಗೆ ಹೋದ್ರೆ ತುಂಬಾ ಬೇಜಾರಾಗತ್ತೆ ನನಗೆ. ಅಷ್ಟೇ." ಆಮೇಲೆ ಹೇಳಲು ಏನೂ ಉಳಿದಿರಲಿಲ್ಲ. ಬೆಕ್ಕಿನ ಸುದ್ದಿಯೂ ಇರಲಿಲ್ಲ. ಮೊದಲ ಸಲ ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಕೂತೆವು. ಲಾಂಡ್ರಿಯ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು.

ಮಾತ್ರೆ ಕರಗಿತು. ನಾಲಿಗೆ ಎತ್ತಿ ತೋರಿಸಿದ, ನೀರು ಕುಡಿದ. ಈಗ ಮಾತಾಡಬಹುದಿತ್ತು. ಬೈಯಬಹುದಿತ್ತು, ಬೈದರೆ ನಾನು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದೆ. ಅವನು ಕೈ ಚಾಚಿ ವೈಪರನ್ನು ಒಂದು ಸಲ ಆಡಿಸಿದ. ಒಣ ಗಾಜಿನ ಮೇಲೆ ಅದು ಕಿರ್ ಎಂದಿತು. ನಾನು ರಬ್ಬರಿನ ಸುದ್ದಿ ಎತ್ತಲಿಲ್ಲ.

ಇಂಜೆಕ್ಷನ್ ಆಯಿತು. ಕಾರಿನಲ್ಲಿ ಕೂತು ಅಂಗಿ ಎತ್ತಿ ತೋರಿಸಿದ. ಹೊಟ್ಟೆಯ ಚರ್ಮದಡಿ ಕಡಲೆಬೀಜದಷ್ಟು ಗಂಟು. "ಇಷ್ಟೇನಾ?" ಎಂದೆ. "ಇಷ್ಟೇ" ಎಂದ. ನನ್ನ ಎಲ್ಲ ಬೆಳಗುಗಳೂ ಅಷ್ಟರೊಳಗೆ ಹೋಗಿ ಕೂತಿದ್ದವು. ಮೇಸ್ತ್ರಿ ಬೇರೆಯವರನ್ನು ಇನ್ನೂ ಗೊತ್ತುಮಾಡಿರಲಿಲ್ಲ. ಸ್ವಲ್ಪ ದಿನ ಹೇಗಿರುತ್ತಾನೆ ನೋಡಿಕೊಂಡು ಡಾಕ್ಟರಮ್ಮ ಹೂಂ ಎಂದ ಮೇಲೆ ಹೊರಡುವ ದಿನ ಗೊತ್ತಾಯಿತು.

ಆ ದಿನ ಬೆಳಕು ಹರಿಯುವ ಹೊತ್ತಿಗೇ ಲಾಂಡ್ರಿಯ ಮುಂದೆ ವ್ಯಾನು ನಿಂತಿತ್ತು. ಮೇಸ್ತ್ರಿ ಪಕ್ಕದ ಸೀಟಿನಲ್ಲಿ, ಮಗ ಸ್ಟೀರಿಂಗಿನ ಮುಂದೆ. ಮೇಸ್ತ್ರಿಯ ಕಾಲಡಿಯಲ್ಲಿ ಬ್ರೇಕು ಇರಲಿಲ್ಲ. ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೆ, ನನಗೇ ನಗು ಬಂತು. ಸ್ಪ್ರೇಯನ್ನು ಅವನ ಚೀಲಕ್ಕೆ ಹಾಕಿ, ಅದನ್ನು ಹೇಗೆ ಬಳಸಬೇಕೆಂದು ಮೇಸ್ತ್ರಿಗೆ ತೋರಿಸಿಕೊಟ್ಟೆ. ಅವರು ಶ್ರದ್ಧೆಯಿಂದ ತಲೆಯಾಡಿಸಿದರು. ಇನ್ನು ಹೇಳಲು ಏನಿತ್ತು? ಸೀಟ್ ಬೆಲ್ಟ್ ಸರಿ ಇದೆಯಾ ಎಂದೆ. ಕನ್ನಡಿ ಸರಿ ಮಾಡ್ಕೊಂಡ್ಯಾ ಎಂದೆ. ಅವನು ಎಲ್ಲಕ್ಕೂ "ಹೂಂ ಅಮ್ಮ, ಹೂಂ ಅಮ್ಮ" ಎನ್ನುತ್ತಿದ್ದ. ಎಂಜಿನ್ ಶುರುವಾದ ಮೇಲೆ, ಆ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ, ಕೇಳಿದೆ. "ಇಂಜೆಕ್ಷನ್ನಿಗೆ ಬಂದಾಗ ಮನೆಗೂ ಬರ್ತೀಯಾ?"

ರಸ್ತೆಯ ಕಡೆಯ ಇಂಡಿಕೇಟರು ಮಿನುಗತೊಡಗಿತು. ಅದು ನನಗೆ ಕೊಟ್ಟ ಉತ್ತರವೋ, ನಾನೇ ಕಲಿಸಿದ ಹಾಗೆ ಗಾಡಿ ತೆಗೆಯುವ ಮುಂಚೆ ಹಾಕಿದ್ದೋ, ಗೊತ್ತಾಗಲಿಲ್ಲ. ಗಾಡಿ ನಯವಾಗಿ ಕದಲಿತು, ಒಂದಿಷ್ಟೂ ಕುಕ್ಕರಿಸಲಿಲ್ಲ.

ನಾನು ಫುಟ್‌ಪಾತಿನ ಮೇಲೆ ನಿಂತಿದ್ದೆ. ನನ್ನ ಬಲಗಾಲು ಕಲ್ಲನ್ನು ಒತ್ತಿ ಹಿಡಿದಿತ್ತು, ಹಿಮ್ಮಡಿಯಿಂದ ಮೊಣಕಾಲಿನವರೆಗೆ ನೋಯುವಷ್ಟು. ವ್ಯಾನು ನಿಲ್ಲಲಿಲ್ಲ. ತಿರುವಿನವರೆಗೆ ಹೋಗಿ, ಅಲ್ಲಿ ಎರಡೂ ಕಡೆ ನೋಡಿಕೊಂಡು, ತಿರುಗಿತು. ಬೀದಿಯಲ್ಲಿ ಯಾರೂ ಇರಲಿಲ್ಲ. ಲಾಂಡ್ರಿ ಇನ್ನೂ ತೆರೆದಿರಲಿಲ್ಲ.

"ಕಾಲು ತೆಗಿಯೇ" ಎಂದು ಗಟ್ಟಿಯಾಗಿ ಹೇಳಿಕೊಂಡೆ. "ಎಷ್ಟು ಸಲ ಹೇಳೋದು ನಿನಗೆ? ಕಾಲು ತೆಗಿ."